ರಾಜನ ಬೆಂಕಿಪೊಟ್ಟಣ

ಹೊರಡುವ ಮುನ್ನ

ಥಾಯ್ಲೆಂಡಿಗೆ ಹೋಗಿ ಏನು ಮಾಡುತ್ತೀಯ ಎಂದು ಅಜ್ಜಿ ಕೇಳಿದಳು. ಅಲ್ಲಿನ ಉಪ ಗವರ್ನರುಗಳು ಏನು ಕೆಲಸ ಮಾಡುತ್ತಾರೆಂದು ನೋಡಿಕೊಂಡು ಬರುತ್ತೇನೆ ಎಂದೆ. ಅಜ್ಜಿ ರೇಷ್ಮೆ ನೂಲು ಬಿಚ್ಚುವ ಚರಕದ ಹಿಡಿ ಬಿಡದೆಯೇ ನಕ್ಕಳು.

"ಅದನ್ನ ನೋಡೋಕೆ ವಿಮಾನ ಯಾಕಮ್ಮಾ? ನಿಮ್ಮಪ್ಪ ಇಲ್ವಾ ಮನೇಲೇ?"

ಅಪ್ಪ ಗೌರಿಬಿದನೂರಿನ ತಾಲ್ಲೂಕು ಕಚೇರಿಯಲ್ಲಿ ಉಪ ತಹಶೀಲ್ದಾರರು. ನಮ್ಮೂರು ಮೇಲೂರಿನಿಂದ ಬೆಳಗಿನ ಮೊದಲ ಬಸ್ಸು ಹಿಡಿದು, ಚಿಕ್ಕಬಳ್ಳಾಪುರದಲ್ಲಿ ಇನ್ನೊಂದು ಬಸ್ಸು ಹತ್ತಿ ಹೋಗುತ್ತಾರೆ. ತಹಶೀಲ್ದಾರರು ರಜೆಯಲ್ಲಿದ್ದರೆ ಪ್ರಭಾರ ಅಪ್ಪನದು. ಆಗಲೂ ಅವರು ಆ ದೊಡ್ಡ ಕುರ್ಚಿಯಲ್ಲಿ ಕೂರುವುದಿಲ್ಲ. ಪಕ್ಕಕ್ಕೊಂದು ಮರದ ಕುರ್ಚಿ ಎಳೆದುಕೊಂಡು ಮೇಜಿನ ಮೂಲೆಯಲ್ಲಿ ಸಹಿ ಹಾಕುತ್ತಾರೆ. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಅದನ್ನು ಕಂಡು ನನಗೆ ನಾಚಿಕೆಯಾಗಿತ್ತು. ಯಾಕೆ ಹೀಗೆ ಎಂದು ಅಪ್ಪನನ್ನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಅಜ್ಜಿಯ ಹೊರತು ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಕೇಳದೆ ಹೇಳುವುದೂ ಇಲ್ಲ.

ನಾನು ಆಗ ಚಿಂತಾಮಣಿಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಸ್ವಂತ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಯಾವ ಸಾಹೇಬರ ಕಚೇರಿ ಯಾವ ಬೀದಿಯಲ್ಲಿದೆ ಎಂದು ಜನ ಹುಡುಕಾಡುತ್ತಿದ್ದ ಕಾಲ. ಅದರ ಬಗ್ಗೆ ನಾನು ಬರೆದ ಲೇಖನವೊಂದು ಹೇಗೋ ದೂರ ಪ್ರಯಾಣ ಮಾಡಿ, ಥಾಯ್ಲೆಂಡಿನ ಈಶಾನ್ಯ ಭಾಗದ ವಿಶ್ವವಿದ್ಯಾಲಯವೊಂದರಿಂದ ಕರೆ ತಂದಿತ್ತು. ಎರಡು ವಾರ ಬಂದಿದ್ದು ನಮ್ಮ ಪ್ರಾಂತದ ಆಡಳಿತ ನೋಡಿ ಎಂದಿದ್ದರು.

ಜೊತೆಗೆ ಬಂದವರು ಗೌರಿಬಿದನೂರಿನ ನಾಗರತ್ನ ಮೇಡಂ. ಇತಿಹಾಸದ ಅಧ್ಯಾಪಕಿ, ನನಗಿಂತ ಇಪ್ಪತ್ತು ವರ್ಷ ಹಿರಿಯರು. ಅವರ ಸೂಟ್‌ಕೇಸಿನಲ್ಲಿ ಅರ್ಧ ಭಾಗ ರಾಗಿ ಹುರಿಹಿಟ್ಟು, ಹುರುಳಿಕಾಳಿನ ಚಟ್ನಿಪುಡಿ. ನಾನು ಇಡೀ ವಿಮಾನ ಪ್ರಯಾಣದಲ್ಲಿ ಆಡಿದ ಮಾತಿಗಿಂತ ಹೆಚ್ಚು ಮಾತನ್ನು ಅವರು ಸೀಟಿನ ಬೆಲ್ಟು ಬಿಗಿಯುವಷ್ಟರಲ್ಲಿ ಆಡಿ ಮುಗಿಸಿದ್ದರು.

ಆರು ಗಂಟೆಯ ಸಂತೆ

ಮೊದಲ ಸಂಜೆಯೇ ನನ್ನಿಂದ ಒಂದು ತಪ್ಪಾಯಿತು.

ನಾವಿಬ್ಬರೂ ಊರಿನ ಸಂತೆಗೆ ಹೋಗಿದ್ದೆವು. ನಾಗರತ್ನ ಮೇಡಂ ಸೀಬೆಹಣ್ಣಿನ ಅಂಗಡಿಯ ಮುಂದೆ ಕೈಸನ್ನೆಯಲ್ಲಿ ಚೌಕಾಸಿಗೆ ಇಳಿದಿದ್ದರು. ನಾನು ಸೊಪ್ಪುಗಳನ್ನು ನೋಡುತ್ತಾ ಮುಂದೆ ನಡೆದೆ. ಎಲ್ಲೋ ಧ್ವನಿವರ್ಧಕದಲ್ಲಿ ವಾದ್ಯ ಶುರುವಾಯಿತು. ಹತ್ತು ಹೆಜ್ಜೆ ಹೋದ ಮೇಲೆ ನನ್ನ ಚಪ್ಪಲಿಯ ಸದ್ದು ನನಗೇ ಕೇಳಿಸತೊಡಗಿತು. ತಲೆಯೆತ್ತಿ ನೋಡಿದರೆ ಇಡೀ ಸಂತೆ ನಿಂತುಬಿಟ್ಟಿದೆ. ಮೀನು ಕೊಯ್ಯುವವಳ ಕತ್ತಿ ಹಲಗೆಯ ಮೇಲೆ ಮಲಗಿದೆ. ಮೋಟರ್‌ಬೈಕಿನವನು ಒಂದು ಕಾಲು ನೆಲಕ್ಕೂರಿ ನೆಟ್ಟಗೆ ನಿಂತಿದ್ದಾನೆ. ಅಷ್ಟು ಜನರಲ್ಲಿ ಅಲ್ಲಾಡುತ್ತಿರುವವಳು ನಾನೊಬ್ಬಳೇ.

"ನಿಂತ್ಕೊಳೇ ಅಲ್ಲೇ!" ಎಂದು ಹಿಂದಿನಿಂದ ನಾಗರತ್ನ ಮೇಡಂ ಪಿಸುಗುಟ್ಟಿದರು. ಅವರ ಪಿಸುಮಾತು ಕೊನೆಯ ಬೆಂಚಿಗೂ ಕೇಳುವಂಥದ್ದು.

ನಿಂತೆ. ವಾದ್ಯ ಮುಗಿಯಿತು. ಕತ್ತಿ ಮೇಲೆದ್ದಿತು, ಬೈಕು ಹೊರಟಿತು. ಯಾರೂ ನನ್ನನ್ನು ಗದರಲಿಲ್ಲ. ಸೊಪ್ಪಿನ ಮುದುಕಿಯೊಬ್ಬಳು ನನ್ನ ಮುಖ ನೋಡಿ, ಪಾಪ ಗೊತ್ತಿಲ್ಲ ಎನ್ನುವ ಹಾಗೆ ನಕ್ಕು ಒಂದು ಹಿಡಿ ಪುದೀನ ಕೊಟ್ಟಳು.

ಬೆಳಿಗ್ಗೆ ಎಂಟಕ್ಕೂ ಸಂಜೆ ಆರಕ್ಕೂ ಊರೂರಿನಲ್ಲಿ ಹೀಗೆ ರಾಷ್ಟ್ರಗೀತೆ ಮೊಳಗುತ್ತದೆ ಎಂದು ಮರುದಿನ ನೊಯ್ ಹೇಳಿದಳು. ನೊಯ್ ನಮಗೆ ದುಭಾಷಿಯಾಗಿ ಸಿಕ್ಕ ಕಿರಿಯ ಅಧ್ಯಾಪಕಿ. ಅದು ಅವಳ ಅಡ್ಡಹೆಸರು. ನಿಜವಾದ ಹೆಸರು ಉದ್ದವಿದೆ, ಅದನ್ನು ಬ್ಯಾಂಕಿನವರು ಮಾತ್ರ ಬಳಸುತ್ತಾರೆ ಎಂದಳು. "ನಿನ್ನೆ ನೀನು ಮಾಡಿದ್ದು ತಪ್ಪಲ್ಲ, ಹೊಸಬರಿಗೆ ಯಾರೂ ಹೇಳಿರುವುದಿಲ್ಲ," ಎಂದು ಸಮಾಧಾನ ಮಾಡಿದಳು. ನನಗೆ ಸಮಾಧಾನವಾಗಲಿಲ್ಲ. ಇನ್ನು ಇಲ್ಲಿ ಏನನ್ನೂ ನೋಡದೆ ಮಾಡುವುದಿಲ್ಲ, ಗೊತ್ತಿಲ್ಲದ ಕಡೆ ಬಾಯಿ ಬಿಡುವುದಿಲ್ಲ ಎಂದು ನಿಶ್ಚಯಿಸಿಕೊಂಡೆ. ಎರಡನೆಯದು ನನಗೆ ಕಷ್ಟದ್ದೇನೂ ಆಗಿರಲಿಲ್ಲ.

ಹಳದಿ ಸೋಮವಾರ

ಸೋಮವಾರ ಗವರ್ನರರ ಕಚೇರಿಗೆ ಹೋದಾಗ ಕಾವಲುಗಾರನಿಂದ ಹಿಡಿದು ಬೆರಳಚ್ಚಿನವರವರೆಗೆ ಎಲ್ಲರೂ ಹಳದಿ ಅಂಗಿ ತೊಟ್ಟಿದ್ದರು. ರಾಜ ಹುಟ್ಟಿದ್ದು ಸೋಮವಾರ, ಸೋಮವಾರದ ಬಣ್ಣ ಹಳದಿ. "ನಮ್ಮಲ್ಲಿ ಸ್ಕೂಲ್ ಮಕ್ಕಳಿಗೆ ಶನಿವಾರ ಬಿಳೀ ಡ್ರೆಸ್ ಹಾಕ್ಸೋಕೇ ಸಾಕಾಗೋಗ್ತದೆ," ಎಂದರು ನಾಗರತ್ನ ಮೇಡಂ.

ಗವರ್ನರ್ ಎಂದರೆ ನಮಗೆ ರಾಜ್ಯಪಾಲರು. ಅಲ್ಲಿ ಹಾಗಲ್ಲ. ಪ್ರಾಂತಕ್ಕೊಬ್ಬ ಗವರ್ನರ್. ನಮ್ಮ ಜಿಲ್ಲಾಧಿಕಾರಿಯ ಹಾಗೆ ಮೇಲಿನಿಂದ ನೇಮಕವಾಗಿ ಬಂದು, ವರ್ಗವಾಗಿ ಹೋಗುವವರು. ಅವರ ಕೆಳಗೆ ಕೆಲವರು ಉಪ ಗವರ್ನರುಗಳು. ದೇಶಕ್ಕೆ ರಾಜನಿದ್ದಾನೆ, ಆದರೆ ಆಳುವುದು ಸಂವಿಧಾನದ ಪ್ರಕಾರ ಮಂತ್ರಿಗಳು. ಇಷ್ಟನ್ನು ನಾನು ತರಗತಿಯಲ್ಲಿ ಪಾಠ ಮಾಡಿದ್ದೆ. ತಾನು ಆಳದ ರಾಜನ ಹೆಸರಿನಲ್ಲಿ ಪ್ರತಿ ಹಳ್ಳಿಯಲ್ಲೂ ಆಗಬೇಕಾದ ಕೆಲಸಗಳಿವೆ, ಅದನ್ನು ಯಾರಾದರೊಬ್ಬರು ಅಂಗಿಯ ಗುಂಡಿ ಹಾಕಿಕೊಂಡು, ಕಾರು ಹತ್ತಿ ಹೋಗಿ ಮಾಡಬೇಕು ಎಂಬುದು ಪಠ್ಯದಲ್ಲಿ ಇರಲಿಲ್ಲ.

ನಮ್ಮನ್ನು ಒಪ್ಪಿಸಿದ್ದು ಮೂರನೆಯ ಉಪ ಗವರ್ನರರಿಗೆ. ಎಲ್ಲರೂ ಅವರನ್ನು 'ತಾನ್ ರೊಂಗ್' ಎನ್ನುತ್ತಿದ್ದರು. 'ಉಪಸಾಹೇಬರು' ಎಂದು ಅರ್ಥ. ಎರಡು ವಾರದಲ್ಲಿ ಅವರ ಹೆಸರನ್ನು ಯಾರೂ ಕರೆದದ್ದು ನಾನು ಕೇಳಲಿಲ್ಲ. ಐವತ್ತೆಂಟರ ಆಸುಪಾಸಿನ, ಸಣ್ಣ ಮೈಕಟ್ಟಿನ ಮನುಷ್ಯ. ತಲೆಗೆ ಯಾವುದೋ ಎಣ್ಣೆ ಹಚ್ಚಿ ಕೂದಲನ್ನು ಹಿಂದಕ್ಕೆ ಅಂಟಿಸಿದ್ದರು.

ಉಪ ಗವರ್ನರರ ಕೆಲಸ ಏನು ಎಂದು ನನ್ನ ಪಟ್ಟಿಯ ಮೊದಲ ಪ್ರಶ್ನೆ ಕೇಳಿದೆ.

"ಗವರ್ನರ್ ಒಬ್ಬರು. ದಿನಕ್ಕೆ ಆಹ್ವಾನ ಹತ್ತು," ಎಂದರು. "ಉಳಿದ ಒಂಬತ್ತು ನಾವು."

ನಂತರ ಅವರೇ ಒಂದು ಪ್ರಶ್ನೆ ಕೇಳಿದರು. ನಿಮ್ಮಲ್ಲಿ ರಾಜನಿಲ್ಲವಲ್ಲ, ಸರ್ಕಾರದವರು ಹಳ್ಳಿಗೆ ಹೋದಾಗ ಯಾರ ಹೆಸರಿನಲ್ಲಿ ಹೋಗುತ್ತಾರೆ? ನಾನು ಯೋಚಿಸಿ, ಕಾನೂನಿನ ಹೆಸರಿನಲ್ಲಿ ಎಂದೆ.

"ಎಲ್ಲೀ ಕಾನೂನು," ಎಂದು ನಾಗರತ್ನ ಮೇಡಂ ಕನ್ನಡದಲ್ಲಿ ನನ್ನ ಕಿವಿಗೆ ಹೇಳಿದರು. "ನಮ್ಮಲ್ಲಿ ಎಲ್ಲಾ 'ಸಾಹೇಬ್ರು ಹೇಳವ್ರೆ' ಅನ್ನೋ ಒಂದು ಮಾತಲ್ಲೇ ನಡೀತದೆ ಅಂತ ಹೇಳೇ ಅವ್ರಿಗೆ."

ಅವರು ಏನೆಂದರು ಎಂದು ತಾನ್ ರೊಂಗ್ ಕೇಳಿದರು. ನಾನು ಹೇಳಲಿಲ್ಲ. ಮೇಡಮ್ಮೇ ಇಂಗ್ಲಿಷಿನಲ್ಲಿ ಹೇಳಿದರು, ನೊಯ್ ಅದನ್ನು ಥಾಯ್ ಮಾಡಿದಳು. ತಾನ್ ರೊಂಗ್ ಮೇಜಿನ ಮೇಲಿದ್ದ ಕಡತಗಳ ಕಡೆ ನೋಡಿ ಬಹಳ ಹೊತ್ತು ನಕ್ಕರು.

ಡಿಕ್ಕಿಯಲ್ಲಿ ಮೂರು ಉಡುಪು

ಅವರ ಕಾರಿನ ಡಿಕ್ಕಿಯಲ್ಲಿ ಮೂರು ಜೊತೆ ಬಟ್ಟೆ ಸದಾ ತೂಗುತ್ತಿದ್ದವು. ಕಚೇರಿಯ ಖಾಕಿ, ಹಳ್ಳಿಯ ಸಭೆಗೆ ನೀಲಿ ಕೈಮಗ್ಗದ ಅಂಗಿ, ರಾಜನ ಹೆಸರಿನ ಕೆಲಸಕ್ಕೆ ಹಿತ್ತಾಳೆ ಗುಂಡಿಯ ಬಿಳಿಯ ಸಮವಸ್ತ್ರ. ಒಂದೇ ದಿನ ಮೂರನ್ನೂ ಅವರು ಬದಲಿಸಿದ್ದನ್ನು ನೋಡಿದ್ದೇನೆ. ಎಮ್ಮೆಗಳ ಲಸಿಕೆ, ಶಾಲೆಯ ಅಡುಗೆಮನೆ, ಗದ್ದೆಯ ಕಾಲುವೆಯ ಜಗಳ. ಪ್ರತಿ ಕಡೆಯೂ ಅವರು ಮೊದಲು ಗವರ್ನರರು ಬರಲಾಗದ್ದಕ್ಕೆ ಕ್ಷಮೆ ಕೇಳುತ್ತಿದ್ದರು. ಆಮೇಲೆ ಅದೇ ಕಾಲುವೆಯ ಬದುವಿನ ಮೇಲೆ ಒಂದು ಗಂಟೆ ಕೂತು ಇಬ್ಬರ ಮಾತನ್ನೂ ಕೇಳುತ್ತಿದ್ದರು.

ಒಂದು ನೇಕಾರರ ಸಭೆಯಲ್ಲಿ ನಾಗರತ್ನ ಮೇಡಂ ದಣಿದು, ಎಲ್ಲಕ್ಕಿಂತ ಮುಂದಿದ್ದ ಸೋಫಾದಲ್ಲಿ ಕುಳಿತುಬಿಟ್ಟರು. ಅದರ ಮುಂದೆ ಕಸೂತಿ ಬಟ್ಟೆ ಹಾಸಿದ ಪುಟ್ಟ ಮೇಜು, ಮುಚ್ಚಳವಿದ್ದ ನೀರಿನ ಲೋಟ. ಮೇಡಂ ಮುಚ್ಚಳ ತೆಗೆದು ನೀರನ್ನೂ ಕುಡಿದರು. ಆ ಸೋಫಾ ಅಧ್ಯಕ್ಷತೆ ವಹಿಸುವವರದು. ತಾನ್ ರೊಂಗ್ ಒಳಗೆ ಬಂದರು, ನೋಡಿದರು, ಗೋಡೆಯ ಬದಿಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಸೋಫಾದ ಪಕ್ಕ ಕೂತರು. ಸಭೆ ಆರಂಭವಾಯಿತು.

ಅಪ್ಪ ನೆನಪಾದರು. ಈ ಸಲ ನಾಚಿಕೆಯಾಗಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಅವರು ಮುಂದಿನ ಗುರುವಾರದ ಕೆಲಸದ ಬಗ್ಗೆ ಹೇಳಿದರು. ಒಂದು ಹಳ್ಳಿಯ ಶಾಲಾ ಮೇಷ್ಟರು ತೀರಿಕೊಂಡಿದ್ದಾರೆ. ಜೀವಮಾನವಿಡೀ ಅದೇ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಅಂಥ ಸೇವೆ ಮಾಡಿದವರ ಚಿತೆಗೆ ರಾಜನೇ ಬೆಂಕಿ ಕೊಡುತ್ತಾನೆ. ಮನೆಯವರು ಅರ್ಜಿ ಹಾಕಿ, ಅದು ಮಂಜೂರಾಗಿದೆ.

"ರಾಜಧಾನಿಯಿಂದ ಬೆಂಕಿ ಹೇಗೆ ಬರುತ್ತದೆ?" ಎಂದೆ. ದಾರಿಯುದ್ದಕ್ಕೂ ಆರದಂತೆ ಹಿಡಿದು ತರುವ ದೀಪವೊಂದನ್ನು ನಾನು ಕಲ್ಪಿಸಿಕೊಂಡಿದ್ದೆ.

"ಬಸ್ಸಿನಲ್ಲಿ," ಎಂದರು ತಾನ್ ರೊಂಗ್. "ಮಗ ಹೋಗಿ ಪೆಟ್ಟಿಗೆ ತಂದಿದ್ದಾನೆ. ಅದರೊಳಗೆ ಮೇಣದ ಬತ್ತಿ, ಗಂಧದ ಚಕ್ಕೆಯಲ್ಲಿ ಮಾಡಿದ ಹೂ, ಒಂದು ಬೆಂಕಿಪೊಟ್ಟಣ ಇರುತ್ತವೆ. ರಾಜನ ಪರವಾಗಿ ಕಡ್ಡಿ ಗೀರುವುದು ನನ್ನ ಕೆಲಸ."

ಕಡ್ಡಿ ಗೀರಲು ಉಪ ಗವರ್ನರರು! ನಗು ಬಂತು, ತಡೆದುಕೊಂಡೆ. ಅವರು ಕನ್ನಡಿಯಲ್ಲಿ ನನ್ನನ್ನು ನೋಡಿರಬೇಕು.

"ಬೇರೆ ಕಡ್ಡಿಯಿಂದ ಹಚ್ಚಿದರೆ ಅದು ರಾಜನ ಬೆಂಕಿಯಲ್ಲ," ಎಂದರು ಮೆಲ್ಲಗೆ. "ಬರೀ ಬೆಂಕಿ."

ಬುವಾಳ ಮನೆ

ಬುಧವಾರ ಸಿದ್ಧತೆ ನೋಡಲು ಹೋಗುವ ಗುಮಾಸ್ತರ ಜೊತೆ ನಾವೂ ಹಳ್ಳಿಗೆ ಹೋದೆವು. ಮೇಷ್ಟರ ಮಗಳು ಬುವಾ ನಮ್ಮನ್ನು ಎದುರುಗೊಂಡಳು. ನಲವತ್ತರ ಹೆಂಗಸು, ಕಪ್ಪು ಬಟ್ಟೆ, ಕೈಬೆರಳುಗಳ ತುದಿ ಬಿಸಿನೀರಿಗೆ ಬೆಂದು ಬಿಳಿಚಿದ್ದವು. ಆ ಬೆರಳು ನನಗೆ ಗೊತ್ತು. ನಮ್ಮ ಅಜ್ಜಿಯ ಬೆರಳುಗಳೂ ಹಾಗೆಯೇ ಇವೆ.

ಮರದ ಕಂಬಗಳ ಮೇಲೆ ನಿಂತ ಮನೆ. ಕೆಳಗಿನ ಬಯಲಿನಲ್ಲಿ ಇದ್ದಿಲ ಒಲೆ, ಅದರ ಮೇಲೆ ಮಣ್ಣಿನ ಮಡಕೆ. ಅಕ್ಕಪಕ್ಕದ ಇಬ್ಬರು ಹೆಂಗಸರು ಕುದಿಯುವ ನೀರಿನಲ್ಲಿ ಹಳದಿ ಗೂಡುಗಳನ್ನು ಆಡಿಸುತ್ತಾ ನೂಲು ತೆಗೆಯುತ್ತಿದ್ದರು. ಆ ಹಳದಿ, ಆ ವಾಸನೆ! ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಬೀದಿಯಲ್ಲಿ ನಿಂತ ಹಾಗಾಯಿತು.

"ಸಾವಿನ ಮನೇಲಿ ಕೆಲಸ ನಡೀತಾ ಅದಲ್ಲೇ," ಎಂದು ನಾಗರತ್ನ ಮೇಡಂ ಬೆರಗಾದರು.

ಗೂಡು ಯಾರಿಗೂ ಕಾಯುವುದಿಲ್ಲ. ಹತ್ತು ದಿನದೊಳಗೆ ನೂಲು ಬಿಚ್ಚದಿದ್ದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಬರುತ್ತದೆ, ನೂಲು ಹಾಳು. ನಮ್ಮ ತಾತ ಹೋದಾಗಲೂ ಹೀಗೆಯೇ, ನೆರೆಯವರು ಬಂದು ಅಜ್ಜಿಯ ಗೂಡು ಬಿಚ್ಚಿಕೊಟ್ಟಿದ್ದರು. ಬುವಾ ಒಂದು ಬಟ್ಟಲಲ್ಲಿ ಬೆಂದ ಹುಳುಗಳನ್ನು ತಂದು ನಮ್ಮ ಮುಂದಿಟ್ಟಳು. ಅಲ್ಲಿ ಅದು ಅತಿಥಿಗೆ ಕೊಡುವ ತಿಂಡಿ.

"ಅಯ್ಯೋ ದೇವುಡಾ," ಎಂದರು ಮೇಡಂ. "ಇವತ್ತು ನಂಗೆ ಉಪವಾಸ ಅಂತ ಹೇಳೇ. ಏಕಾದಶಿ ಅಂತ ಹೇಳೇ."

ನೊಯ್ ಏನು ಹೇಳಿದಳೋ, ಬುವಾ ನಕ್ಕು ಬಟ್ಟಲು ಒಯ್ದಳು. ಆಮೇಲೆ ನಮ್ಮನ್ನು ಮೇಲೆ ಕರೆದುಕೊಂಡು ಹೋದಳು. ರಾಜನ ಪೆಟ್ಟಿಗೆಯನ್ನು ಮನೆಯ ಅತಿ ಗೌರವದ ಜಾಗದಲ್ಲಿ ಇಡಬೇಕಿತ್ತು. ಅದನ್ನು ಬುದ್ಧನ ಮೂರ್ತಿಯಿದ್ದ ಪೀಠದ ಮೇಲೆ, ರಾಜನ ಚಿತ್ರದ ಅಡಿಯಲ್ಲಿ ಇಟ್ಟಿದ್ದರು. ಸುತ್ತ ನೀರು ಚಿಮುಕಿಸಿದ ಮಲ್ಲಿಗೆ ಮಾಲೆಗಳು. ತಂದ ದಿನದಿಂದ ಅದು ಅಲ್ಲೇ ಇತ್ತು. ಬುವಾಳ ಅಣ್ಣ ಬಾಗಿಲಲ್ಲಿ ಕಾವಲು ಕೂತಿದ್ದ. "ಅಪ್ಪನಿಗೆ ಬೇರೇನೂ ಆಸೆ ಇರಲಿಲ್ಲ. ಇದೊಂದನ್ನು ಮಾತ್ರ ಬದುಕಿದ್ದಾಗಲೇ ಹೇಳಿಟ್ಟಿದ್ದರು," ಎಂದು ಬುವಾ ಹೇಳಿದಳು.

ಗುಮಾಸ್ತರು ಕೈಮುಗಿದು ಎಲ್ಲ ಸರಿಯಾಗಿದೆ ಎಂದು ತಲೆಯಾಡಿಸಿದರು. ನಾನು ಬರಿಗಾಲಲ್ಲಿ ನಿಂತಿದ್ದೆ. ಅಂಗಾಲಿಗೆ ಬೆಚ್ಚಗೆ, ಒದ್ದೆಯಾಗಿ ಏನೋ ತಗಲಿತು. ಕೆಳಗೆ ನೋಡಿದೆ. ನೆಲದ ಹಲಗೆಗಳ ಸಂದಿಯಿಂದ ಆವಿ ಏಳುತ್ತಿತ್ತು. ಗೂಡಿನ ಮಡಕೆ ಸರಿಯಾಗಿ ಆ ಪೀಠದ ಕೆಳಗೇ ಇತ್ತು.

ಅಜ್ಜಿ ನೂಲು ಬಿಚ್ಚುವ ಕೊಟ್ಟಿಗೆಯಲ್ಲಿ ಬೆಂಕಿಪೊಟ್ಟಣ ಇಡುವುದಿಲ್ಲ. ಆ ಆವಿಗೆ ಉಪ್ಪು ನೀರಾಗುತ್ತದೆ, ಕಡ್ಡಿಯ ಮದ್ದು ಮೆತ್ತಗಾಗುತ್ತದೆ. ಆಕೆಯ ಬೆಂಕಿಪೊಟ್ಟಣ ಒಳಮನೆಯ ರಾಗಿ ಡಬ್ಬದಲ್ಲಿ, ರಾಗಿಯ ನಡುವೆ ಹೂತಿರುತ್ತದೆ.

ಇದನ್ನು ಹೇಳಬೇಕೆಂದು ನನಗೆ ಅನಿಸಿತು. ಹೇಳಲಿಲ್ಲ. ಪೆಟ್ಟಿಗೆ ರಾಜನದು. ಜಾಗ ಬುದ್ಧನ ಪೀಠ. ಸರಿಯಾಗಿದೆ ಎಂದವರು ಸರ್ಕಾರದ ಗುಮಾಸ್ತರು. ಸಂತೆಯಲ್ಲಿ ರಾಷ್ಟ್ರಗೀತೆಗೆ ನಿಲ್ಲದವಳು ಇವರಿಗೆ ಏನು ಹೇಳುವುದು? ಇವರೂ ರೇಷ್ಮೆಯವರೇ, ಇವರಿಗೆ ಗೊತ್ತಿರದೆ ಇರುತ್ತದೆಯೇ ಎಂದುಕೊಂಡೆ. ಪೆಟ್ಟಿಗೆಯನ್ನು ಅವರು ಬೆಂಕಿಪೊಟ್ಟಣವೆಂದು ನೋಡಿಯೇ ಇರಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಗುರುವಾರ, ನಾಲ್ಕು ಗಂಟೆ

ಹಳ್ಳಿಯ ದೇವಾಲಯದ ಅಂಗಳದಲ್ಲಿ ಮೆಟ್ಟಿಲುಗಳಿದ್ದ ಎತ್ತರದ ದಹನಗೃಹ. ಮೇಲೆ ಶವಪೆಟ್ಟಿಗೆ. ಅಂಗಳದ ತುಂಬ ಕಪ್ಪು ಬಟ್ಟೆಯ ಜನ, ಹೆಚ್ಚಿನವರು ಮೇಷ್ಟರ ಹಳೆಯ ವಿದ್ಯಾರ್ಥಿಗಳು. ಮಧ್ಯಾಹ್ನದ ಮಳೆ ನಿಂತು ಗಾಳಿಯಿಲ್ಲದ ಸೆಕೆ. ನಾವು ಮೂರನೆಯ ಸಾಲಿನಲ್ಲಿ ಕುಳಿತಿದ್ದೆವು. ನಾಗರತ್ನ ಮೇಡಂ ಈ ಬಾರಿ ಪ್ಲಾಸ್ಟಿಕ್ ಕುರ್ಚಿಯನ್ನೇ ಹುಡುಕಿ ಕೂತಿದ್ದರು.

ರಾಜನ ಪೆಟ್ಟಿಗೆ ಬಂದಾಗ ಎಲ್ಲರೂ ಎದ್ದು ನಿಂತರು. ಬಿಳಿಯ ಸಮವಸ್ತ್ರದಲ್ಲಿ, ತೋಳಿಗೆ ಕಪ್ಪು ಪಟ್ಟಿ ಕಟ್ಟಿದ ತಾನ್ ರೊಂಗ್ ಬೇರೆಯೇ ಮನುಷ್ಯನಂತೆ ಕಂಡರು. ಮೆಟ್ಟಿಲು ಹತ್ತಿ, ರಾಜಧಾನಿಯ ದಿಕ್ಕಿಗೆ ತಿರುಗಿ ತಲೆಬಾಗಿದರು. ಭಿಕ್ಷುಗಳಿಗೆ ವಸ್ತ್ರ ಅರ್ಪಿಸಿದರು. ಗುಮಾಸ್ತರು ರಾಜನ ಪೆಟ್ಟಿಗೆ ತೆರೆದರು. ತಾನ್ ರೊಂಗ್ ಬತ್ತಿಯನ್ನು ಅವರ ಕೈಗೆ ಕೊಟ್ಟು, ಪೊಟ್ಟಣದಿಂದ ಕಡ್ಡಿ ತೆಗೆದು ಗೀರಿದರು.

ಹತ್ತಲಿಲ್ಲ. ಇನ್ನೊಂದು. ಕಡ್ಡಿಯ ಮದ್ದು ಪೊಟ್ಟಣದ ಬದಿಗೆ ಮಸಿಯಂತೆ ಬಳಿದುಕೊಂಡಿತು. ಮೂರನೆಯದು ಮುರಿಯಿತು.

ಬುಧವಾರದ ಆವಿ ನೆನಪಾಯಿತು.

ನಾಲ್ಕು, ಐದು. ತಾನ್ ರೊಂಗ್ ಆತುರ ತೋರಲಿಲ್ಲ. ಹತ್ತದ ಕಡ್ಡಿಗಳನ್ನು ಒಂದೊಂದಾಗಿ ತಟ್ಟೆಯಲ್ಲಿ ಗಂಧದ ಹೂವಿನ ಪಕ್ಕ ಇಡುತ್ತಿದ್ದರು. ಗುಮಾಸ್ತರ ಕತ್ತಿನಿಂದ ಬೆವರು ಇಳಿಯುತ್ತಿತ್ತು. ಮೊದಲ ಸಾಲಿನಲ್ಲಿ ಬುವಾ ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಹಿಡಿದು ಕೂತಿದ್ದಳು. ಅವಳ ಅಣ್ಣ ನೆಲ ನೋಡುತ್ತಿದ್ದ. ಹಿಂದಿನಿಂದ ಯಾರೋ ಸಿಗರೇಟಿನ ಲೈಟರ್ ಎತ್ತಿ ಹಿಡಿದು ಏನೋ ಅಂದರು. ಬುವಾ ತಿರುಗಿ ನೋಡಿ, ಬೇಡವೆಂದು ತಲೆಯಾಡಿಸಿದಳು. ಅವಳ ಕಣ್ಣು ತುಂಬಿತ್ತು.

"ಲೈಟರಿನಿಂದ ಹಚ್ಚಿದರೆ ಮೇಷ್ಟರಿಗೆ ರಾಜನ ಬೆಂಕಿ ಸಿಗಲಿಲ್ಲ ಎಂದೇ ಆಗುತ್ತದೆ," ಎಂದು ನೊಯ್ ಪಿಸುಗುಟ್ಟಿದಳು. "ಹಳ್ಳಿಯವರು ಬಾಯಿಬಿಟ್ಟು ಹೇಳುವುದಿಲ್ಲ. ಮರೆಯುವುದೂ ಇಲ್ಲ."

ಕಡ್ಡಿ ಒದ್ದೆಯಾದರೆ ಅಜ್ಜಿ ಮಾಡುವುದು ಒಂದೇ ಉಪಾಯ. ಅದರ ತಲೆಯನ್ನು ಒಣಗಿದ ಕೂದಲಿನೊಳಗೆ ನಾಲ್ಕು ಸಲ ಎಳೆದು ಗೀರುತ್ತಾಳೆ. ನನಗೇ ಗೊತ್ತಿಲ್ಲದೆ ನನ್ನ ಕೈ ತಲೆಗೆ ಹೋಗಿತ್ತು. ನಾಗರತ್ನ ಮೇಡಂ ಅದನ್ನು ನೋಡಿದರು.

"ಕೂದಲಿಗೆ ಉಜ್ಜೋದು ತಾನೆ? ನಮ್ಮಮ್ಮಾನೂ ಮಾಡ್ತಿದ್ರು. ಏನಮ್ಮಾ ಕೂತಿದೀಯ, ಎದ್ದು ಹೇಳೇ!"

"ರಾಜನ ಕಡ್ಡಿ ಮೇಡಂ..."

"ರಾಜಂದಾದ್ರೆ ಒದ್ದೆ ಆಗಲ್ವಾ? ಹೋಗೇ!" ಎಂದು ಮೊಣಕೈಯಿಂದ ತಿವಿದರು.

ನೊಯ್‌ಗೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. ನಂತರ ನನ್ನ ಕೈ ಹಿಡಿದು ಎಬ್ಬಿಸಿದಳು. ಹಿರಿಯರ ಮುಂದೆ ಹಾಯುವಾಗ ಅಲ್ಲಿ ಬೆನ್ನು ಬಾಗಿಸಿ ನಡೆಯಬೇಕು. ನಾವಿಬ್ಬರೂ ಬಾಗಿಕೊಂಡು, ಅಷ್ಟು ಜನರ ಕಣ್ಣೆದುರು ಮೆಟ್ಟಿಲ ಬುಡದವರೆಗೆ ಹೋದೆವು. ಜೀವನದಲ್ಲಿ ಅದಕ್ಕಿಂತ ಉದ್ದದ ದಾರಿ ನಡೆದ ನೆನಪಿಲ್ಲ.

ನೊಯ್ ಮೆಲ್ಲಗೆ ಹೇಳಿದ್ದನ್ನು ತಾನ್ ರೊಂಗ್ ತಲೆ ತಗ್ಗಿಸಿ ಕೇಳಿದರು. ಅವರ ಕೈ ತಮ್ಮ ತಲೆಯತ್ತ ಅರ್ಧ ಏರಿ, ಎಣ್ಣೆಯ ಕೂದಲು ನೆನಪಾಗಿ, ಅಲ್ಲೇ ನಿಂತಿತು. ಗುಮಾಸ್ತರು ಗಾಬರಿಯಿಂದ ಏನೋ ಹೇಳಹೊರಟರು. ತಾನ್ ರೊಂಗ್ ಅವರ ಕಡೆ ನೋಡಲಿಲ್ಲ. ಪೊಟ್ಟಣದಿಂದ ಒಂದು ಕಡ್ಡಿ ತೆಗೆದರು. ಅದನ್ನು ಎರಡೂ ಅಂಗೈಯ ಮೇಲಿಟ್ಟುಕೊಂಡು ಮೆಟ್ಟಿಲಿಳಿದು ಬುವಾಳ ಮುಂದೆ ನಿಂತರು. ಎರಡು ಮಾತು ಹೇಳಿದರು.

ಬುವಾ ಕೈಮುಗಿದು ಕಡ್ಡಿ ತೆಗೆದುಕೊಂಡಳು. ತುರುಬಿನ ಪಿನ್ನು ಕಿತ್ತಳು. ಕೂದಲು ಬೆನ್ನ ಮೇಲೆ ಬಿತ್ತು. ಕಡ್ಡಿಯ ತಲೆಯನ್ನು ಕೂದಲೊಳಗೆ ನಿಧಾನವಾಗಿ ಎಳೆದಳು. ಒಮ್ಮೆ, ಎರಡು ಸಲ, ಮೂರು ಸಲ. ಎರಡೂ ಅಂಗೈಯ ಮೇಲೆ ಅದನ್ನು ಹಿಂತಿರುಗಿಸಿದಳು.

ತಾನ್ ರೊಂಗ್ ಮೆಟ್ಟಿಲು ಹತ್ತಿ, ಮತ್ತೊಮ್ಮೆ ರಾಜಧಾನಿಯ ದಿಕ್ಕಿಗೆ ತಲೆಬಾಗಿ, ಪೊಟ್ಟಣದ ಮಸಿ ಬಳಿಯದ ಇನ್ನೊಂದು ಬದಿಗೆ ಗೀರಿದರು.

ಚುರ್ ಎಂದಿತು. ಸಣ್ಣಗೆ, ನೀಲಿಯಾಗಿ, ಆಮೇಲೆ ಹಳದಿಯಾಗಿ ಹತ್ತಿಕೊಂಡಿತು. ಬತ್ತಿ ಪೂರ್ತಿ ಉರಿಯುವವರೆಗೆ ಅವರು ಕಾದರು. ಗಂಧದ ಹೂವಿನ ಜೊತೆ ತಟ್ಟೆಯಲ್ಲಿದ್ದ ಸೋತ ಕಡ್ಡಿಗಳನ್ನೂ ಒಂದೂ ಬಿಡದೆ ಚಿತೆಗೆ ಇಟ್ಟರು. ಬುವಾಳ ಅಣ್ಣ ಕುಳಿತಲ್ಲೇ ಮುಖ ಮುಚ್ಚಿಕೊಂಡು ಅತ್ತ. ಬುವಾ ಅಳಲಿಲ್ಲ. ಬಿಚ್ಚಿದ ಕೂದಲಿನಲ್ಲೇ ಹೊಗೆ ಏರುವುದನ್ನು ನೋಡುತ್ತಾ ನಿಂತಿದ್ದಳು.

ವಾಪಸು ಕಾರಿನಲ್ಲಿ ಹೊರಟೆವು. ನಾನೇ, ಪಟ್ಟಿಯಲ್ಲಿಲ್ಲದ ಒಂದು ಪ್ರಶ್ನೆ ಕೇಳಿದೆ. ಹಾಗೆ ಮಾಡಬಹುದೆಂದು ನಿಯಮದ ಪುಸ್ತಕದಲ್ಲಿ ಇದೆಯೇ?

"ಇಲ್ಲ," ಎಂದರು. "ಗವರ್ನರ್ ಆಗಿದ್ದರೆ ಯಾರನ್ನಾದರೂ ಕೇಳುತ್ತಿದ್ದರು. ಅವರು ಕೇಳಲೆಂದೇ ಮೇಲಿನವರು ಇದ್ದಾರೆ. ಮೆಟ್ಟಿಲ ಮೇಲೆ ನಾನೊಬ್ಬನೇ ಇದ್ದೆ." ಆಮೇಲೆ ಸೇರಿಸಿದರು: "ಕಾಲಿಗೆ ತಗಲಿದ್ದರೆ ತಪ್ಪು. ತಲೆಗಿಂತ ಎತ್ತರದ ಜಾಗ ಮನುಷ್ಯರಲ್ಲಿ ಯಾವುದಿದೆ?"

ಪೀಠ, ಆವಿ, ಬುಧವಾರ ನಾನು ಕಂಡದ್ದು, ಇವನ್ನು ಅವರಿಗೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕಾರು ನಿಂತಿತು. ಅವರು ನೀಲಿ ಅಂಗಿ ಹಾಕಿಕೊಳ್ಳಲು ಡಿಕ್ಕಿಯ ಕಡೆ ಹೋದರು. ಇನ್ನೊಂದು ಹಳ್ಳಿಯ ಸಭೆಗೆ ಆಗಲೇ ತಡವಾಗಿತ್ತು.

ಮತ್ತೆ ಮೇಲೂರು

ಹೊರಡುವ ದಿನ ಬುವಾ ಒಂದು ಲಡಿ ಹಳದಿ ನೂಲು ಕಳಿಸಿಕೊಟ್ಟಿದ್ದಳು. ಅಜ್ಜಿ ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಎಳೆದು ನೋಡಿದಳು. "ನೂಲು ದಪ್ಪ. ಆದ್ರೂ ಕೈ ಒಳ್ಳೇದು," ಎಂದು ತೀರ್ಪು ಕೊಟ್ಟಳು.

ಸಂಜೆ ಅಪ್ಪ ಬಂದ ಮೇಲೆ, ಯಾರೂ ಕೇಳದಿದ್ದರೂ, ಎಲ್ಲವನ್ನೂ ಹೇಳಿದೆ. ನಮ್ಮ ಮನೆಯಲ್ಲಿ ಅಷ್ಟು ಉದ್ದದ ಮಾತನ್ನು ನಾನು ಆಡಿದ್ದು ಅದೇ ಮೊದಲು. ಅಪ್ಪ ಕಾಫಿ ಲೋಟ ಕೆಳಗಿಡದೆ ಕೇಳಿದರು. ಮುಗಿದ ಮೇಲೆ ಒಂದೇ ಪ್ರಶ್ನೆ.

"ಹತ್ತದೇ ಇದ್ದ ಕಡ್ಡಿ ಇತ್ತಲ್ಲ, ಅವನ್ನೇನು ಮಾಡಿದ್ರು?"

"ಚಿತೆಗೇ ಇಟ್ರು. ಒಂದೂ ಬಿಡಲಿಲ್ಲ."

ಅಪ್ಪ ಲೋಟದೊಳಗೆ ನೋಡಿದರು. "ಗಟ್ಟಿ ಮನುಷ್ಯ," ಎಂದರು.

ಪಕ್ಕದ ಕುರ್ಚಿಯಲ್ಲಿ ಕೂರುವುದು ಯಾಕೆ ಎಂದು ಆಗ ಕೇಳಿದೆ. ಕೇಳಲು ಹತ್ತು ವರ್ಷ ಬೇಕಾಯಿತು. ಅಪ್ಪನಿಗೆ ಆಶ್ಚರ್ಯವಾಗಲಿಲ್ಲ. "ಬಂದೋರು ಎದುರಿಗೆ ಕೂತ್ಕೊಂಡ್ರೆ ಆ ದೊಡ್ಡ ಮೇಜು ಅಡ್ಡ ಬರ್ತದಮ್ಮಾ. ಮೂಲೇಲಾದ್ರೆ ಪಕ್ಕಕ್ಕೇ ಬಂದು ಹೇಳ್ತಾರೆ," ಎಂದರು. ನಾನು ಅಂದುಕೊಂಡಿದ್ದ ಯಾವ ಕಾರಣವೂ ಅದರಲ್ಲಿ ಇರಲಿಲ್ಲ.

ರಾಜ, ಬಿಳಿಯ ಸಮವಸ್ತ್ರ, ಹಿತ್ತಾಳೆ ಗುಂಡಿ ಯಾವುದೂ ಅಜ್ಜಿಗೆ ದೊಡ್ಡದಾಗಿ ಕಂಡಿರಲಿಲ್ಲ.

"ಆವಿ ಬರೋದು ನೀನು ಹಿಂದಿನ ದಿನಾನೇ ನೋಡ್ದೆ ಅಂದೆಯಲ್ಲಾ," ಎಂದಳು. "ಆವತ್ತೇ ಯಾಕಮ್ಮಾ ಹೇಳ್ಲಿಲ್ಲ?"

"ಅವರು ಕೇಳಿದ್ರೆ ಹೇಳೋಣ ಅಂತಿದ್ದೆ ಅಜ್ಜಿ."

"ಕೇಳೋಕೆ ಅವ್ರಿಗೆ ಗೊತ್ತಿರ್ಬೇಕಲ್ಲಾ."

ಅಜ್ಜಿ ಎದ್ದು ಒಳಗೆ ಹೋದಳು. ರಾಗಿ ಡಬ್ಬದ ಮುಚ್ಚಳ ತೆರೆದ ಸದ್ದು ಕೇಳಿಸಿತು. ಬೆಂಕಿಪೊಟ್ಟಣವನ್ನು ಸೆರಗಿಗೆ ಒರೆಸಿ ನನ್ನ ಕೈಗೆ ಕೊಟ್ಟು, ಒಲೆ ಹಚ್ಚಲು ಹೇಳಿದಳು.